ಅರೆಬೆಂದ ಆಟಕ್ಕೆ ಪೂರ್ತಿ ಬೆಲೆ

ಹೊಸ ಸೈಕಲ್ ಕೊಳ್ಳಲು ಹೋಗುತ್ತೀರಿ. ಅಂಗಡಿಯವನು ಪೂರ್ತಿ ದುಡ್ಡು ಎಣಿಸಿಕೊಂಡು, ‘ಬ್ರೇಕ್ ಮುಂದಿನ ತಿಂಗಳು ಬರುತ್ತೆ ಸ್ವಾಮಿ, ಅಲ್ಲೀತನಕ ಇಳಿಜಾರಿನಲ್ಲಿ ಹೋಗಬೇಡಿ’ ಎನ್ನುತ್ತಾನೆ. ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ಯಾರಾದರೂ ಹತ್ತುತ್ತಾರೆಯೆ? ವಿಡಿಯೊ ಗೇಮ್‌ಗಳ ಪೇಟೆಯಲ್ಲಿ ಮಾತ್ರ ಇಂಥ ವ್ಯಾಪಾರ ಸಲೀಸಾಗಿ ನಡೆಯುತ್ತದೆ. ಮೂರು ನಾಲ್ಕು ಸಾವಿರ ರೂಪಾಯಿ ಕೊಟ್ಟು ಕೊಂಡ ಆಟ ನಡುವೆ ನಿಂತುಬಿಡುತ್ತದೆ. ಅದರ ಪಾತ್ರಗಳು ಗೋಡೆಯೊಳಗೆ ತೂರಿಕೊಳ್ಳುತ್ತವೆ. ‘ಅಪ್‌ಡೇಟ್ ಬಂದರೆ ಸರಿಹೋಗುತ್ತಮ್ಮ’ ಎಂದು ಮಗನೇ ಅಮ್ಮನಿಗೆ ಸಮಾಧಾನ ಹೇಳುತ್ತಾನೆ. ಮುಗಿಯದ ಆಟವನ್ನು ಕಂಪನಿಗಳು ಯಾಕಾದರೂ ಮಾರುತ್ತವೆ? ಅಲ್ಲಿನ ಎಂಜಿನಿಯರುಗಳಿಗೆ ಕೆಲಸ ಬಾರದೆ?

ಬಾರದೆ ಏನಲ್ಲ. ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿರುವ ಸಿಡಿ ಪ್ರಾಜೆಕ್ಟ್ ಕಂಪನಿಯ ಕಥೆ ಕೇಳಿ. 2015ರಲ್ಲಿ ‘ದಿ ವಿಚರ್ 3’ ಎಂಬ ಆಟದಿಂದ ಜಗತ್ತಿನ ಮೆಚ್ಚುಗೆ ಗಳಿಸಿದ ನುರಿತ ತಂಡ ಅದು. ಅದರ ಮುಂದಿನ ದೊಡ್ಡ ಆಟ ‘ಸೈಬರ್‌ಪಂಕ್ 2077’. (ಯುರೋಪಿನಲ್ಲಿ ಇದಕ್ಕೆ ಕೊಟ್ಟ ದರ್ಜೆ 18 ವರ್ಷ ಮೇಲ್ಪಟ್ಟವರಿಗೆ ಎಂದು. ಎಂಟನೇ ತರಗತಿಯ ಮಗ ಕೇಳಿದರೆ ಪಾಲಕರು ಇದನ್ನು ನೆನಪಿಡಬೇಕು.) ಆಟವನ್ನು ಘೋಷಿಸಿದ್ದು 2012ರಲ್ಲಿ. ಅದು ಮುಂದೆ ಓಡಬೇಕಾಗಿದ್ದ ಪ್ಲೇಸ್ಟೇಷನ್ 4 ಯಂತ್ರ ಆಗ ಅಂಗಡಿಗೇ ಬಂದಿರಲಿಲ್ಲ! 2020ರ ಏಪ್ರಿಲ್ 16ಕ್ಕೆ ಬಿಡುಗಡೆ ಎಂದರು. ಆಮೇಲೆ ಸೆಪ್ಟೆಂಬರ್ 17 ಎಂದರು. ಅಲ್ಲಿಂದ ನವೆಂಬರ್ 19. ಅಕ್ಟೋಬರ್ ಮೊದಲ ವಾರದಲ್ಲಿ ‘ಆಟ ಗೋಲ್ಡ್ ಆಯಿತು’ ಎಂದು ಸಾರಿದರು. ಡಿಸ್ಕ್ ಅಚ್ಚು ಹಾಕಲು ಮೂಲ ಪ್ರತಿ ಸಿದ್ಧವಾಯಿತು ಎಂಬುದಕ್ಕೆ ಈ ಉದ್ಯಮದವರು ಆಡುವ ಮಾತದು. ಅದಾಗಿ ಮೂರು ವಾರಕ್ಕೆ ಮತ್ತೆ 21 ದಿನ ಮುಂದೂಡಿ ಡಿಸೆಂಬರ್ 10 ಎಂದರು. ‘ಚಿನ್ನ’ವಾದ ಮೇಲೂ ಪುಟಕ್ಕಿಡುವ ಕೆಲಸ ಉಳಿದಿತ್ತು. ಡಿಸ್ಕ್‌ನಲ್ಲಿ ಇರುವುದು ಇರಲಿ, ತಿದ್ದಿದ್ದನ್ನು ಇಂಟರ್‌ನೆಟ್‌ನಲ್ಲಿ ಕಳಿಸಿದರಾಯಿತು ಎಂಬ ಲೆಕ್ಕಾಚಾರ.

ಡಿಸೆಂಬರ್ 10 ಬಂತು. ದುಬಾರಿ ಕಂಪ್ಯೂಟರ್ ಇದ್ದವರಿಗೆ ಆಟ ತಕ್ಕಮಟ್ಟಿಗೆ ನಡೆಯಿತು. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇದ್ದವರ ಪಾಡು ಯಾರಿಗೂ ಬೇಡ. ಚಿತ್ರ ಮಸುಕು, ಓಟ ಕುಂಟು. ಪೊಲೀಸರು ಎಲ್ಲಿಂದಲೂ ಬರದೆ ಬೆನ್ನ ಹಿಂದೆಯೇ ಉದ್ಭವಿಸುತ್ತಿದ್ದರು. ಆಟ ತಾನೇ ಮುಚ್ಚಿಕೊಳ್ಳುತ್ತಿತ್ತು. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಕಂಪ್ಯೂಟರ್ ಆವೃತ್ತಿಯನ್ನು ಮಾತ್ರ ಕೊಟ್ಟದ್ದು ಯಾಕೆಂದು ಎಲ್ಲರಿಗೂ ಆಗ ಹೊಳೆಯಿತು. ವಾರ ಕಳೆಯುತ್ತಲೇ ಸೋನಿ ಕಂಪನಿ ತನ್ನ ಆನ್‌ಲೈನ್ ಅಂಗಡಿಯಿಂದ ಆಟವನ್ನೇ ತೆಗೆದುಹಾಕಿ ಹಣ ವಾಪಸ್ ಕೊಡಲು ನಿಂತಿತು. ಆಟ ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ.

ಇಷ್ಟು ಎದ್ದು ಕಾಣುವ ದೋಷ ಮಾಡಿದವರ ಕಣ್ಣಿಗೆ ಬೀಳಲಿಲ್ಲವೆ? ಕಂಪನಿಯ ಮುಖ್ಯಸ್ಥರಲ್ಲಿ ಒಬ್ಬರಾಗಿದ್ದ ಮಾರ್ಚಿನ್ ಇವಿನ್‌ಸ್ಕಿ 2021ರ ಜನವರಿಯಲ್ಲಿ ಕ್ಷಮೆ ಕೇಳುತ್ತ, ಇವುಗಳಲ್ಲಿ ದೊಡ್ಡ ಪಾಲು ನಮ್ಮ ಪರೀಕ್ಷೆಯಲ್ಲಿ ಕಾಣಲಿಲ್ಲ ಎಂದರು. ಅಲ್ಲಿ ದುಡಿದವರು ಪತ್ರಕರ್ತರಿಗೆ ಹೇಳಿದ್ದೇ ಬೇರೆ: ಕಂಡಿತ್ತು, ತಿದ್ದಲು ಸಮಯವಿರಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಇಂಥ ಆಟವನ್ನು ಪೂರ್ತಿ ಪರೀಕ್ಷಿಸುವುದು ಸುಲಭವಲ್ಲ. ನೂರು ಜನ ಪರೀಕ್ಷಕರನ್ನು ಕೂರಿಸಿದಿರಿ ಎನ್ನಿ. ತಲಾ 2,000 ಗಂಟೆಯಂತೆ ವರ್ಷಕ್ಕೆ 2 ಲಕ್ಷ ಗಂಟೆಯ ಕೆಲಸವಾಯಿತು. ಸೈಬರ್‌ಪಂಕ್‌ಗೆ ಮುಂಗಡ ಬುಕಿಂಗ್ ಆಗಿದ್ದದ್ದೇ ಸುಮಾರು 80 ಲಕ್ಷ ಪ್ರತಿ. ಕೊಂಡವರೆಲ್ಲ ಮೊದಲ ದಿನ ಒಂದೊಂದೇ ಗಂಟೆ ಆಡಿದರೂ 80 ಲಕ್ಷ ಗಂಟೆ. ಆ ನೂರು ಜನಕ್ಕೆ ಅಷ್ಟು ಆಡಿ ಮುಗಿಸಲು 40 ವರ್ಷ ಬೇಕು! ಹೀಗಾಗಿ ಎಂಥ ಜಾಣರ ಕಣ್ಣಿಗೂ ಬೀಳದ ಸಣ್ಣಪುಟ್ಟ ಹುಳುಕು ಎಲ್ಲ ಆಟಗಳಲ್ಲೂ ಉಳಿಯುತ್ತದೆ. ಆದರೆ ಮೊದಲ ಗಂಟೆಯಲ್ಲೇ ಆಟ ನಿಂತುಹೋದರೆ ಈ ಲೆಕ್ಕ ಒಪ್ಪತಕ್ಕದ್ದಲ್ಲ.

ಗುಟ್ಟು ಇರುವುದು ಆ ಮುಂಗಡದಲ್ಲಿ. ಆಟ ಬಿಡುಗಡೆಯಾದ ಬೆನ್ನಿಗೇ ಕಂಪನಿ ಷೇರು ಪೇಟೆಗೆ ಒಂದು ವಿಷಯ ತಿಳಿಸಿತು. ಇಂಟರ್‌ನೆಟ್ ಮೂಲಕ ಆದ ಮುಂಗಡ ಮಾರಾಟದಿಂದ ತನಗೆ ಬರಬೇಕಾದ ಹಣವೊಂದೇ, ಆಟ ತಯಾರಿಸಿದ ಖರ್ಚು ಮತ್ತು ವರ್ಷದ ಕೊನೆಯವರೆಗಿನ ಪ್ರಚಾರದ ಖರ್ಚು ಎರಡನ್ನೂ ಸೇರಿಸಿದರೂ ಅದನ್ನು ಮೀರಿದೆ ಎಂದು. ಪರೀಕ್ಷೆಗೆ ಮೊದಲೇ ಅಂಕಪಟ್ಟಿ ಕೈಗೆ ಬಂದರೆ ವಿದ್ಯಾರ್ಥಿ ರಾತ್ರಿ ಎಷ್ಟು ಹೊತ್ತು ಓದುತ್ತಾನೆ, ನೀವೇ ಹೇಳಿ.

‘ಹಿಂದೆಲ್ಲ ಹೀಗಿರಲಿಲ್ಲ’ ಎನ್ನುವವರಿದ್ದಾರೆ. ಪೂರ್ತಿ ನಿಜವಲ್ಲ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಸಿನಿಮಾವನ್ನು ಆಟವಾಗಿಸಲು ಹಕ್ಕು ಪಡೆಯಿತು. ಮಾತುಕತೆ ಮುಗಿಯುವಾಗ ಜುಲೈ ಕೊನೆ. ಕ್ರಿಸ್‌ಮಸ್ ವ್ಯಾಪಾರಕ್ಕೆ ಆಟ ಅಂಗಡಿಯಲ್ಲಿರಬೇಕು. ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಸುಮಾರು ಐದೇ ವಾರ. ಆಡುವ ಮಕ್ಕಳಿಗೆ ಕಂಡಿದ್ದು, ಹಳ್ಳಕ್ಕೆ ಬೀಳುತ್ತ ಮೇಲೇಳುತ್ತ ಇರುವ ಒಂದು ಆಕೃತಿ. ಲಕ್ಷಗಟ್ಟಲೆ ಕಾರ್ಟ್ರಿಜ್‌ಗಳು ಮಾರಾಟವಾಗದೆ ಉಳಿದವು. 1983ರಲ್ಲಿ ಅಟಾರಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಮಣ್ಣು ಮಾಡಿಸಿದ ಸರಕಿನಲ್ಲಿ ಇವೂ ಇದ್ದವು. ಇದು ಕಟ್ಟುಕಥೆ ಎಂದು ಅನೇಕರು ನಂಬಿದ್ದರು. 2014ರಲ್ಲಿ ಅಗೆದಾಗ ಸಿಕ್ಕಿಯೇ ಬಿಟ್ಟವು.

ಅವಸರ ಅಂದೂ ಇತ್ತು, ನಿಜ. ಆದರೆ ಅಂದು ಚಿಪ್‌ಗೆ ಸೇರಿದ ತಪ್ಪು ಅಲ್ಲೇ ಕಲ್ಲಾಗಿ ಕೂರುತ್ತಿತ್ತು. ತಪ್ಪಿದರೆ ಕಸದ ಗುಂಡಿಯೇ ಗತಿ ಎಂಬ ಹೆದರಿಕೆ ಮಾಲೀಕನಿಗಿತ್ತು. ಮನೆಮನೆಗೆ ಇಂಟರ್‌ನೆಟ್ ಬಂದ ಮೇಲೆ ಆ ಹೆದರಿಕೆ ಸಡಿಲಾಯಿತು. ಸೋನಿ, ಮೈಕ್ರೊಸಾಫ್ಟ್ ಕಂಪನಿಗಳು ತಮ್ಮ ಯಂತ್ರಕ್ಕೆ ಬರುವ ಪ್ರತಿ ಆಟವನ್ನೂ ಪರಿಶೀಲಿಸಿ ಒಪ್ಪಿಗೆ ಕೊಡುತ್ತವೆ. ಸೈಬರ್‌ಪಂಕ್ ಹೇಗೆ ಪಾಸಾಯಿತು ಎಂಬ ಪ್ರಶ್ನೆ ಬಂದಾಗ ಸಿಡಿ ಪ್ರಾಜೆಕ್ಟ್‌ನ ಅಧಿಕಾರಿಯೊಬ್ಬರು, ಬಿಡುಗಡೆಯ ಹೊತ್ತಿಗೆ ನಾವು ಸರಿಪಡಿಸುತ್ತೇವೆಂದು ಅವರು ನಂಬಿರಬೇಕು ಎಂಬ ಅರ್ಥದ ಉತ್ತರ ಕೊಟ್ಟರು. ತಪಾಸಣೆಯವರೂ ಅಪ್‌ಡೇಟ್ ನಂಬಿ ಕೂತರೆ ಕೊಳ್ಳುವವರು ಯಾರನ್ನು ನಂಬಬೇಕು?

ಇನ್ನಷ್ಟು ತಡ ಮಾಡಬಹುದಿತ್ತಲ್ಲ ಎನ್ನಬಹುದು. ತಡಕ್ಕೂ ಬೆಲೆಯಿದೆ. ನೂರಾರು ಜನರ ಸಂಬಳ ನಿಲ್ಲುವುದಿಲ್ಲ, ಜಾಹೀರಾತು ಮೊದಲೇ ಗೊತ್ತಾಗಿರುತ್ತದೆ, ಕ್ರಿಸ್‌ಮಸ್ ಕಾಯುವುದಿಲ್ಲ. ‘ಗ್ರ್ಯಾಂಡ್ ಥೆಫ್ಟ್ ಆಟೊ 6’ ಆಟದ ಬಿಡುಗಡೆಯನ್ನು 2025ರಲ್ಲಿ ಎರಡು ಸಲ ಮುಂದೂಡಿದರು. ಎರಡೂ ಸಲ ಅದರ ಒಡೆಯ ಕಂಪನಿ ಟೇಕ್-ಟು ಷೇರಿನ ಬೆಲೆ ಬಿತ್ತು. ಅರೆಬೆಂದದ್ದನ್ನು ಬಡಿಸಿದ ಸಿಡಿ ಪ್ರಾಜೆಕ್ಟ್‌ನ ಷೇರೂ ಬಿದ್ದಿತ್ತೆನ್ನಿ. ಷೇರುದಾರರ ಮೊಕದ್ದಮೆ 18.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಆದರೆ ಇದೆಲ್ಲದರ ನಡುವೆ 2020 ಮುಗಿಯುವುದರೊಳಗೆ ಆಟದ 1 ಕೋಟಿ 37 ಲಕ್ಷ ಪ್ರತಿಗಳು ಮಾರಾಟವಾಗಿದ್ದವು. ಯಾವ ಪಾಠವನ್ನು ಉದ್ಯಮ ಕಲಿತಿರಬಹುದು?

ಗೇಮ್ ತಯಾರಿಕೆಯಲ್ಲೇ ಬದುಕು ಕಟ್ಟಿಕೊಳ್ಳುವ ಆಸೆಯಿರುವ ವಿದ್ಯಾರ್ಥಿಗಳು ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬೆಂಗಳೂರಿನಲ್ಲೇ ರಾಕ್‌ಸ್ಟಾರ್‌ನಂಥ ಕಂಪನಿಯ ಸ್ಟುಡಿಯೊ ಇರುವಾಗ ಅದು ದೂರದ ಕನಸೇನಲ್ಲ. ದಿನಾಂಕ ಕದಲದೆ ಕೆಲಸ ಬೆಳೆದರೆ ಎಳೆದಾಡುವುದು ನೌಕರರ ನಿದ್ದೆಯನ್ನೇ. ಕಡ್ಡಾಯದ ಹೆಚ್ಚುವರಿ ದುಡಿಮೆ ಹೇರುವುದಿಲ್ಲ ಎಂದು 2019ರಲ್ಲಿ ಮಾತು ಕೊಟ್ಟಿದ್ದ ಸಿಡಿ ಪ್ರಾಜೆಕ್ಟ್, 2020ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಆರು ದಿನ ಬನ್ನಿ ಎಂದಿತು. ಆ ಹೆಚ್ಚಿನ ದಿನಕ್ಕೆ ಸಂಬಳವೇನೋ ಸಿಕ್ಕಿತು. ಬಿಡುಗಡೆಯ ದಿನ ಬೈಸಿಕೊಂಡವರೂ ಅವರೇ.

ಮುಂದೆ ಅದೇ ತಂಡ ವರ್ಷಗಟ್ಟಲೆ ಕೂತು ಆಟವನ್ನು ತಿದ್ದಿತು. 2023ರಲ್ಲಿ ‘ಫ್ಯಾಂಟಮ್ ಲಿಬರ್ಟಿ’ ಎಂಬ ಹೊಸ ಅಧ್ಯಾಯ ಬಂದಾಗ ಬೈದವರೇ ಹೊಗಳಿದರು. 2024ರ ಹೊತ್ತಿಗೆ ಮಾರಾಟ 3 ಕೋಟಿ ಮುಟ್ಟಿತು. ಹೀಗೆ ತಡವಾಗಿ ಕೊಂಡವರಿಗೆ ರಿಯಾಯಿತಿ ದರದಲ್ಲಿ ಒಳ್ಳೆಯ ಆಟ ಸಿಕ್ಕಿತು. ಮೊದಲ ದಿನವೇ ನಂಬಿ ಪೂರ್ತಿ ಬೆಲೆ ತೆತ್ತವರಿಗೆ ಸಿಕ್ಕಿದ್ದು ಅದರ ಕರಡು ಪ್ರತಿ.

ಕಂಪ್ಯೂಟರ್‌ನಲ್ಲಿ ಆಡುವವರು ಹೆಚ್ಚಾಗಿ ಕೊಳ್ಳುವ ಸ್ಟೀಮ್ ಅಂಗಡಿಯಲ್ಲಿ, ಮುಂಗಡ ಕೊಟ್ಟ ಹಣವನ್ನು ಬಿಡುಗಡೆಗೆ ಮುಂಚೆ ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಬಿಡುಗಡೆಯಾದ ಆಟವಾದರೆ ಕೊಂಡ 14 ದಿನಗಳೊಳಗೆ, ಒಟ್ಟು ಎರಡು ಗಂಟೆಗಿಂತ ಕಡಿಮೆ ಆಡಿರಬೇಕು. ಆಟವನ್ನು ತೆರೆದಿಟ್ಟು ಊಟಕ್ಕೆ ಎದ್ದು ಹೋದರೆ ಆ ಹೊತ್ತೂ ಎರಡು ಗಂಟೆಯ ಲೆಕ್ಕಕ್ಕೇ ಸೇರುತ್ತದೆ.