ಹೊರೆ ಹೊರುವ ಸೈಕಲ್ಲೂ ಬೇಸಾಯದ ಉಪಕರಣವೇ

ಬೆಳೆದದ್ದು ಪೇಟೆ ಮುಟ್ಟುವವರೆಗೆ ಬೇಸಾಯ ಮುಗಿದಂತಾಗುವುದಿಲ್ಲ. ತಾವರೆಕೆರೆಯ ಕಡೆಯಿಂದ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯನ್ನು ಹಾದು ಬೆಂಗಳೂರಿಗೆ ಬರುವ ಹಾಲು, ಸೊಪ್ಪು, ಹೂವುಗಳಲ್ಲಿ ಒಂದು ಪಾಲು ಇಂದಿಗೂ ದ್ವಿಚಕ್ರ ವಾಹನಗಳ ಮೇಲೆಯೇ ಸಾಗುತ್ತದೆ. ಅದೇ ವಾಹನದಲ್ಲಿ ಮಗು ಶಾಲೆಗೆ, ಮನೆಯಾಕೆ ಆಸ್ಪತ್ರೆಗೆ, ಗೊಬ್ಬರದ ಚೀಲ ಹೊಲಕ್ಕೆ ಹೋಗುವುದೂ ಉಂಟು. ಹಿಂದೆ ಅದು ಕಪ್ಪು ಸೈಕಲ್ಲಾಗಿತ್ತು. ಈಗ ಬಹುಮಟ್ಟಿಗೆ ಮೊಪೆಡ್ ಆಗಿದೆ. ಹೊರೆಯ ನಿಯಮ ಮಾತ್ರ ಎರಡಕ್ಕೂ ಒಂದೇ.

ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆ ಹಾಕದೆ, ನೊಗ ಮಿಣಿಗಳನ್ನು ನೋಡದೆ ರೈತರು ಗಾಡಿ ಕಟ್ಟುತ್ತಿರಲಿಲ್ಲ. ಪಂಪ್‌ಸೆಟ್ಟು, ಸಿಂಪರಣಾ ಯಂತ್ರಗಳನ್ನೂ ನಾವು ಆಗಾಗ ದುರಸ್ತಿ ಮಾಡಿಸುತ್ತೇವೆ. ಆದರೆ ದಿನವೂ ಹೊರೆಯನ್ನೂ ಮಕ್ಕಳನ್ನೂ ಹೊರುವ ವಾಹನವು ಪಂಕ್ಚರ್ ಆದಾಗ ಮಾತ್ರ ನೆನಪಾಗುತ್ತದೆ. ಇದನ್ನು ಬೇಸಾಯದ ಉಪಕರಣವೆಂದೇ ಎಣಿಸಿ ನಿಗದಿತ ಕಾಲಕ್ಕೆ ನೋಡಿಕೊಳ್ಳಬೇಕು; ಹೊರೆಯನ್ನೂ ಮಗುವನ್ನೂ ಒಂದೇ ಸಲಕ್ಕೆ ಒಯ್ಯಬಾರದು. ಇದು ನನ್ನ ಖಚಿತ ಅಭಿಪ್ರಾಯ.

ಹೊರೆ ಕೂರಿಸುವ ಕ್ರಮ

40 ಲೀಟರ್ ಹಾಲಿನ ತೂಕ ಕ್ಯಾನು ಬಿಟ್ಟು ಸುಮಾರು 41 ಕಿ.ಗ್ರಾಂ. ಒಂದು ಯೂರಿಯಾ ಚೀಲ 45 ಕಿ.ಗ್ರಾಂ. ಇಷ್ಟು ಭಾರವನ್ನು ಕ್ಯಾರಿಯರಿನ ಮೇಲೆ ಎತ್ತರಕ್ಕೆ ಅಥವಾ ಹಿಂದಕ್ಕೆ ಚಾಚಿದಂತೆ ಕಟ್ಟಿದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಭಾರವು ಆದಷ್ಟು ಕೆಳಗೆ, ಹಿಂದಿನ ಚಕ್ರದ ಅಚ್ಚಿಗಿಂತ ಮುಂದಕ್ಕೆ ಇರತಕ್ಕದ್ದು. ಎರಡೂ ಪಕ್ಕದ ತೂಕ ಸಮನಾಗಿರಬೇಕು. ಇಲ್ಲವಾದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ ತಿರುವಿನಲ್ಲಿ ವಾಹನವನ್ನು ಎಳೆಯುತ್ತದೆ. ಆದ್ದರಿಂದ ಚಿಕ್ಕ ಕ್ಯಾನುಗಳನ್ನು ಪೂರ್ತಿ ತುಂಬಿ ಎರಡೂ ಪಕ್ಕಕ್ಕೆ ತೂಗುಹಾಕುವುದು ಮೇಲು.

ಡೆನ್ಮಾರ್ಕ್, ನೆದರ್ಲೆಂಡ್ಸ್ ದೇಶಗಳಲ್ಲಿ ಮಕ್ಕಳನ್ನೂ ಸಾಮಾನನ್ನೂ ಒಯ್ಯಲೆಂದೇ ಮುಂಭಾಗದಲ್ಲಿ ತಗ್ಗಾದ ಪೆಟ್ಟಿಗೆಯಿರುವ ಸೈಕಲ್ಲುಗಳಿವೆ. ಅವುಗಳ ಗುಟ್ಟೂ ಭಾರವನ್ನು ನೆಲಕ್ಕೆ ಹತ್ತಿರ ಇಡುವುದೇ. ಅಂಥ ಸೈಕಲ್ಲು ನಮಗೆ ದೊರೆಯದಿದ್ದರೂ ತತ್ತ್ವ ದೊರೆತಿದೆ. ಇನ್ನು, 2006-07ರಲ್ಲಿ ಆರಂಭವಾದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಹಲವು ಮನೆಗಳಲ್ಲಿವೆ. ಅವು ಶಾಲೆಗೆ ಹೋಗಲು ಕೊಟ್ಟವು. ಅವುಗಳ ಮೇಲೆ ಮೂಟೆ ಹೇರುವುದು ಸಲ್ಲದು.

ವಾರಕ್ಕೊಮ್ಮೆ ತಪಾಸಣೆ

ವಾರದಲ್ಲಿ ಒಂದು ದಿನ ಕಾಲು ಗಂಟೆ ಸಾಕು. ಟೈರಿನ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ಅಂದಾಜು ಮಾಡದೆ, ಟೈರಿನ ಮೇಲೆ ಅಥವಾ ಕೈಪಿಡಿಯಲ್ಲಿ ನಮೂದಿಸಿದ ಪ್ರಮಾಣಕ್ಕೆ ತುಂಬಿಸಿ. ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡಿ. ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಚಕ್ರದ ಹಾಗೂ ಕ್ಯಾರಿಯರಿನ ನಟ್ಟುಗಳನ್ನು ಬಿಗಿಮಾಡಿ. ಚೈನಿನ ಕೆಸರು ಒರೆಸಿ ಎಣ್ಣೆ ಬಿಡಿ. ಆದರೆ ಸೈಕಲ್ಲಿನ ರಿಮ್ಮಿಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಸವೆದ ಬ್ರೇಕ್ ರಬ್ಬರನ್ನು ಕೂಡಲೇ ಬದಲಾಯಿಸಿ. ಹಿಂದಿನ ಬ್ರೇಕನ್ನು ಮಾತ್ರ ಹಿಡಿಯುವ ಅಭ್ಯಾಸ ಬಿಟ್ಟು ಎರಡನ್ನೂ ಒಟ್ಟಿಗೆ ಹದವಾಗಿ ಹಿಡಿಯಿರಿ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದು ನೆನಪಿರಲಿ.

ಸುಮನಹಳ್ಳಿಯ ಕೂಡುರಸ್ತೆಯಲ್ಲಿ ಲಾರಿಗಳ ನಡುವೆ ಸಾಗಬೇಕಾಗುತ್ತದೆ. ಎತ್ತರದ ಹೊರೆ ಹಿಂದಿನ ದೀಪವನ್ನು ಮುಚ್ಚಿಬಿಡುತ್ತದೆ. ನಸುಕಿನಲ್ಲಿ ಹೊರಡುವವರು ಹೊರೆಯ ಬೆನ್ನಿಗೇ ಬೆಳಕು ಪ್ರತಿಫಲಿಸುವ ಪಟ್ಟಿ ಕಟ್ಟುವುದು ಅವಶ್ಯ.

ಮಗುವಿದ್ದಾಗ ಹೊರೆ ಬೇಡ

ಮೊಪೆಡ್ಡಿನ ಮುಂದೆ ಚೀಲ, ಅದರ ಮೇಲೆ ಮಗು, ಹಿಂದೆ ಕ್ಯಾನು: ಈ ನೋಟ ಅಪರೂಪವಲ್ಲ. ಥಟ್ಟನೆ ಬ್ರೇಕ್ ಹಿಡಿದಾಗ ಮಗುವಿಗೆ ಆಧಾರವೇ ಇರುವುದಿಲ್ಲ. 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಮೋಟಾರ್ ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನೊಡನೆ ಬಿಗಿಯುವ ಸುರಕ್ಷಾ ಪಟ್ಟಿಯಿರಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಒಂಬತ್ತು ತಿಂಗಳು ತುಂಬಿದ ಮಗುವಿಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಕಡ್ಡಾಯ. ಸೈಕಲ್ಲಿನಲ್ಲಿ ಮಗುವಿನ ಹಿಮ್ಮಡಿ ಕಡ್ಡಿಗಳಿಗೆ ಸಿಕ್ಕದಂತೆ ಚಕ್ರಕ್ಕೆ ಜಾಲರಿ ಹಾಕಿಸಬೇಕು.

ಕೀಟನಾಶಕದ ಡಬ್ಬಿಯನ್ನಂತೂ ಮಗುವಿನೊಡನೆಯಾಗಲಿ, ಸೊಪ್ಪು ತರಕಾರಿಯೊಡನೆಯಾಗಲಿ ಒಯ್ಯಲೇಬಾರದು. ಆಹಾರಕ್ಕೂ ಪಶು ಆಹಾರಕ್ಕೂ ತಾಗುವಂತೆ ಅದನ್ನು ಸಾಗಿಸುವುದನ್ನು 1971ರ ಕೀಟನಾಶಕ ನಿಯಮಗಳೇ ನಿಷೇಧಿಸಿವೆ.

ಎರಡು ಸಲ ಹೋದರೆ ಪೆಟ್ರೋಲೂ ಸಮಯವೂ ಖರ್ಚು, ತಡವಾದರೆ ಸೊಪ್ಪಿನ ಬೆಲೆ ಬೀಳುತ್ತದೆ ಎಂದು ರೈತರು ಹೇಳುವುದರಲ್ಲಿ ಹುರುಳಿದೆ. ಆದರೆ ನಷ್ಟದ ಲೆಕ್ಕದಲ್ಲಿ ಮುರಿದ ಕಾಲನ್ನೂ ಸೇರಿಸಬೇಕಲ್ಲವೆ? ಅಕ್ಕಪಕ್ಕದ ಎರಡು ಮನೆಯವರು ಸರದಿ ಮಾಡಿಕೊಂಡು, ಒಬ್ಬರು ಹೊರೆಯನ್ನು, ಇನ್ನೊಬ್ಬರು ಮಗುವನ್ನು ಕರೆದೊಯ್ದರೆ ಹೆಚ್ಚಿನ ಖರ್ಚಿಲ್ಲ.

ನಮ್ಮಂಥವರ ಹೊಣೆಯೂ ಇದೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿ ಮೇಳದಲ್ಲಿ ಟ್ರ್ಯಾಕ್ಟರು, ಟಿಲ್ಲರುಗಳ ಪಕ್ಕದಲ್ಲಿ ಹೊರೆ ಕಟ್ಟುವ ಕ್ರಮ ತೋರಿಸುವ ಒಂದು ಮಳಿಗೆಗೂ ಜಾಗ ಇರಬೇಕು. ಹಾಲು ಉತ್ಪಾದಕರ ಸಂಘಗಳು ತಿಂಗಳಿಗೊಮ್ಮೆ ಬೆಳಗಿನ ಹೊತ್ತು ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿ ಸದಸ್ಯರ ವಾಹನಗಳ ಬ್ರೇಕು ನೋಡಿಸಬಹುದು. ಅಲ್ಲಿಯವರೆಗೆ ಕಾಯಬೇಕಿಲ್ಲ, ನಾಳೆ ಹೊರೆ ಕಟ್ಟುವ ಮುನ್ನ ಬ್ರೇಕನ್ನು ಒಮ್ಮೆ ಹಿಡಿದು ನೋಡಿ ಹೊರಡಿ.