ಯೂರಿಯಾ ಬಿದ್ದ ಹೊತ್ತು, ಚಪಾತಿಯ ಹದ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಕಾಣುವುದು ಭತ್ತದ ಗದ್ದೆ, ಅಡಿಕೆ ತೋಟ. ಗೋಧಿಯ ಹೊಲ ನೋಡಬೇಕೆಂದರೆ ಧಾರವಾಡ, ವಿಜಯಪುರದ ಕಡೆಗೆ ಹೋಗಬೇಕು. ಆದರೆ ಚಪಾತಿ ಇಲ್ಲಿಯ ಮನೆಮನೆಯಲ್ಲೂ ಉಂಟು. ಹಿಟ್ಟು ಒಮ್ಮೆ ಎಳೆದಷ್ಟೂ ಬರುತ್ತದೆ, ಇನ್ನೊಮ್ಮೆ ಲಟ್ಟಿಸುವಾಗಲೇ ಹರಿಯುತ್ತದೆ. ತಳಿ, ಬೀಸಿದ ಬಗೆ ಇವೆಲ್ಲ ಕಾರಣವೇ. ಹೊಲಕ್ಕೆ ಯೂರಿಯಾ ಬಿದ್ದ ಹೊತ್ತೂ ಒಂದು ಕಾರಣ!

ಮಕ್ಕಳು ಅಮ್ಮನನ್ನು ಕೇಳಿ ಒಂದು ಉಂಡೆ ಹಿಟ್ಟು ತೆಗೆದುಕೊಳ್ಳಲಿ. ನೀರಿನಲ್ಲಿ ಹಿಸುಕುತ್ತ ತೊಳೆದರೆ ಪಿಷ್ಟ ಹಾಲಿನಂತೆ ಹರಿದುಹೋಗಿ ರಬ್ಬರಿನಂಥ ಅಂಟು ಉಳಿಯುತ್ತದೆ. ಅದೇ ಗ್ಲುಟೆನ್ ಎಂಬ ಪ್ರೋಟೀನ್. ಅಕ್ಕಿಹಿಟ್ಟಿನಲ್ಲಿ ಈ ಅಂಟು ಇಲ್ಲ.

ಪ್ರೋಟೀನ್ ಕಟ್ಟಲು ಸಾರಜನಕ ಬೇಕು. 45 ಕಿಲೋ ಯೂರಿಯಾ ಚೀಲದಲ್ಲಿ ಶೇ. 46ರಂತೆ ಸುಮಾರು 20.7 ಕಿಲೋ ಸಾರಜನಕವಿರುತ್ತದೆ. ಗೋಧಿ ತೆಂಡೆ ಒಡೆಯುವಾಗ ಅದನ್ನು ಕೊಟ್ಟರೆ ತೆಂಡೆ ಹೆಚ್ಚುತ್ತದೆ, ತೆನೆ ಹೆಚ್ಚುತ್ತದೆ, ಇಳುವರಿ ಏರುತ್ತದೆ. ಆದರೆ ಇದ್ದ ಸಾರಜನಕ ಅಷ್ಟೂ ಕಾಳಿಗೆ ಹಂಚಿಹೋಗಿ, ಪಿಷ್ಟದ ಎದುರು ಪ್ರೋಟೀನಿನ ಪಾಲು ತಗ್ಗಬಹುದು. ಹೂ ಬಿಡುವ ಹೊತ್ತಿಗೆ ತೆನೆ ಎಷ್ಟೆಂಬುದು ಆಗಲೇ ತೀರ್ಮಾನವಾಗಿರುತ್ತದೆ. ಆಗ ಒಂದು ಕಂತು ಕೊಟ್ಟರೆ ಇಳುವರಿ ಅಷ್ಟೇನೂ ಏರದು, ಸಾರಜನಕ ಕಾಳಿನ ಪ್ರೋಟೀನಿಗೆ ಸೇರುತ್ತದೆ. ನೆಲದಲ್ಲಿ ತೇವವಿಲ್ಲದಿದ್ದರೆ ಮಾತ್ರ ಆ ಗೊಬ್ಬರ ದಂಡ.

ಯಾವ ಗೊಬ್ಬರ ಎಂಬುದೂ ಮುಖ್ಯ. ಯೂರಿಯಾವನ್ನು ಮಣ್ಣಿನ ಮೇಲೆ ಹಾಗೆಯೇ ಬಿಟ್ಟರೆ ಒಂದು ಪಾಲು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಎರಚಿದ ಕೂಡಲೇ ನೀರು ಹಾಯಿಸಿದರೆ ಒಳಗಿಳಿಯುತ್ತದೆ. ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕ ಶೇ. 21ರಷ್ಟೇ. ಆದರೆ ಅದರಲ್ಲಿ ಗಂಧಕವುಂಟು, ಗ್ಲುಟೆನ್ನಿನ ಎಳೆಗಳನ್ನು ಬೆಸೆಯುವುದರಲ್ಲಿ ಗಂಧಕದ ಪಾತ್ರ ದೊಡ್ಡದು. ನೈಟ್ರೇಟ್ ಗೊಬ್ಬರ ಗೋಧಿಗೆ ಬೇಗ ದಕ್ಕುತ್ತದೆ. ಅದನ್ನೇ ಭದ್ರಾವತಿಯ ನೀರು ನಿಂತ ಗದ್ದೆಗೆ ಹಾಕಿದರೆ? ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅನಿಲ ಮಾಡಿ ಗಾಳಿಗೆ ಬಿಟ್ಟುಬಿಡುತ್ತವೆ. ಭತ್ತಕ್ಕೆ ಯೂರಿಯಾ ಕಂತು ಕಂತಾಗಿ ಕೊಡುವುದೇ ಸರಿ. ಅತಿಯಾದರೆ ಬೆಂಕಿ ರೋಗ, ಪೈರು ಮಲಗುವುದು ಎರಡೂ ಕಾದಿರುತ್ತವೆ.

ಗೋಧಿ ಬೆಳೆಯುವ ರೈತ ಇಷ್ಟೆಲ್ಲ ಬಲ್ಲವನಾದರೂ ಹೂವಿನ ಹೊತ್ತಿನ ಕಂತನ್ನು ಬಿಡುವುದು ಸೋಮಾರಿತನದಿಂದಲ್ಲ. ಆಸ್ಟ್ರೇಲಿಯಾದಲ್ಲಿ ಗೋಧಿಯ ದರ್ಜೆ ಕಟ್ಟುವಾಗ ಪ್ರೋಟೀನನ್ನೂ ಅಳೆಯುತ್ತಾರೆ. ನಮ್ಮ ಬೆಂಬಲ ಬೆಲೆ ಕ್ವಿಂಟಲ್ಲಿನ ಲೆಕ್ಕದ್ದು. ಗೊಬ್ಬರಕ್ಕೂ ಕೂಲಿಗೂ ಮತ್ತೊಮ್ಮೆ ದುಡ್ಡು ತೆತ್ತವನ ಚೀಲಕ್ಕೂ ತೆರದವನ ಚೀಲಕ್ಕೂ ಅಲ್ಲಿ ಒಂದೇ ಬೆಲೆ.