ಅಜ್ಜಿ ಮಂಡಿಗೆ ದರ ಮಿತಿ ಇದೆ, ಕಬಡ್ಡಿ ಹುಡುಗನ ಮಂಡಿಗೆ ಯಾಕಿಲ್ಲ?

ಸಮೇತನಹಳ್ಳಿ (ಹೊಸಕೋಟೆ): ನಮ್ಮ ಕಬಡ್ಡಿ ಟೀಮಿನ ರೈಡರ್ ಒಬ್ಬ ಇದ್ದಾನೆ. ವಯಸ್ಸು 24. ಹೆಸರು ಹಾಕಬೇಡ ಅಂದಿದ್ದಾನೆ, ಹಾಕಲ್ಲ. ಹಗಲು ವೇರ್‌ಹೌಸ್‌ನಲ್ಲಿ ಲೋಡಿಂಗ್ ಕೆಲಸ, ಸಂಜೆ ಪ್ರಾಕ್ಟೀಸ್. ಒಂದು ಟೂರ್ನಮೆಂಟ್‌ನಲ್ಲಿ ಎದುರಾಳಿಗಳು ಕಾಲು ಹಿಡಿದಾಗ ಮಂಡಿ ತಿರುಗಿತು. ಉಳುಕು ಅಂತ ಎಣ್ಣೆ ಹಚ್ಚಿದ್ರು, ಪಟ್ಟು ಹಾಕಿಸಿದ್ರು. ಎಕ್ಸ್-ರೇ ತೆಗೆಸಿದ್ರೆ 'ಮೂಳೆ ಸರಿಯಾಗಿದೆ' ಅಂದ್ರು. ಆದ್ರೆ ಮಂಡಿ ಕಟ್ ಕಟ್ ಅನ್ನೋದು, ಊದೋದು, ಮಧ್ಯೆ ಮಧ್ಯೆ ಲಾಕ್ ಆಗೋದು ನಿಲ್ಲಲೇ ಇಲ್ಲ.

ತಿಂಗಳುಗಳಾದ ಮೇಲೆ ಎಂಆರ್‌ಐ ಮಾಡಿಸಿದಾಗ ಗೊತ್ತಾಯ್ತು. ತೊಡೆಮೂಳೆಯ ತುದಿಯಲ್ಲಿರೋ ಕಾರ್ಟಿಲೇಜ್ ಒಂದು ರೂಪಾಯಿ ನಾಣ್ಯದಷ್ಟು ಕಿತ್ತು ಹೋಗಿದೆ. ಆಸ್ಪತ್ರೆಗೆ ಬೈಕಿನಲ್ಲಿ ಅವನನ್ನ ಕೂರಿಸಿಕೊಂಡು ಹೋಗಿದ್ದು ನಾನೇ. ಡಾಕ್ಟರ್ ಬರೆದುಕೊಟ್ಟ ಅಂದಾಜು ಖರ್ಚಿನ ಚೀಟಿ ನೋಡಿದೆ. ಅವನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ ಇತ್ತು.

ವಾಪಸ್ ಬರೋವಾಗ ಅವನು ಕೇಳಿದ ಪ್ರಶ್ನೆ ಒಂದೇ: "ಮಂಡಿ ಆಪರೇಷನ್‌ಗೆ ಮೋದಿ ಸರ್ಕಾರ ರೇಟ್ ಇಳಿಸಿತ್ತಲ್ವಾ?" ಇಳಿಸಿದ್ದು ನಿಜ. ಆದ್ರೆ ಅದು ಇವನ ಮಂಡಿಗೆ ಅಲ್ಲ. ಯಾಕೆ ಅನ್ನೋದನ್ನ ಬಿಡಿಸಿ ನೋಡೋಣ.

2017ರಲ್ಲಿ ಏನಾಯ್ತು?

2017ರ ಆಗಸ್ಟ್ 16ರಂದು ಮಂಡಿ ಇಂಪ್ಲಾಂಟ್‌ಗಳಿಗೆ ಗರಿಷ್ಠ ದರ ನಿಗದಿಯಾಯ್ತು. ಘೋಷಣೆ ಮಾಡಿದ್ದು ನಮ್ಮವರೇ, ಆಗ ಕೇಂದ್ರ ರಸಗೊಬ್ಬರ ಸಚಿವರಾಗಿದ್ದ ಬೆಂಗಳೂರು ದಕ್ಷಿಣ ಸಂಸದ ಅನಂತಕುಮಾರ್. ಸರಾಸರಿ 1.58 ಲಕ್ಷ ರೂಪಾಯಿ ಇದ್ದ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್ 54,720 ರೂಪಾಯಿಗೆ ಇಳಿಯಿತು. ಟೈಟಾನಿಯಂ ಮಾದರಿಗೆ 76,600 ರೂಪಾಯಿ. ಜಿಎಸ್‌ಟಿ ಬೇರೆ. ಬೆಲೆ ಶೇ. 69ರವರೆಗೆ ಇಳಿದಿದೆ, ಜನಕ್ಕೆ ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಉಳಿತಾಯ ಅಂತ ಸರ್ಕಾರ ಹೇಳಿತು. ಆಮೇಲೆ ಆ ಮಿತಿಯನ್ನ ಮತ್ತೆ ಮತ್ತೆ ವಿಸ್ತರಿಸಿಕೊಂಡು ಬಂದಿದ್ದಾರೆ.

ಒಳ್ಳೆ ಕೆಲಸ, ಅನುಮಾನವೇ ಇಲ್ಲ. ಆದ್ರೆ ಆ ಪಟ್ಟಿಯಲ್ಲಿ ಇರೋದು ಇಡೀ ಮಂಡಿ ಬದಲಾಯಿಸುವಾಗ ಹಾಕೋ ಲೋಹದ, ಪ್ಲಾಸ್ಟಿಕ್‌ನ ಭಾಗಗಳು. ಅಂದ್ರೆ ಮಂಡಿ ಪೂರ್ತಿ ಸವೆದ 60-70 ವರ್ಷದವರಿಗೆ. ಕಾರ್ಟಿಲೇಜ್ ರಿಪೇರಿಗೆ ಬಳಸೋ ಜೀವಕೋಶ, ಸ್ಕ್ಯಾಫೋಲ್ಡ್ ಇವೆಲ್ಲ ಅದರಲ್ಲಿ ಇಲ್ಲ.

ಹಾಗಾದ್ರೆ ಇವನಿಗೂ ಮಂಡಿನೇ ಬದಲಾಯಿಸಬಹುದಲ್ವಾ ಅಂತ ನಾನೂ ಕೇಳಿದ್ದೆ. ಆಗಲ್ಲ. ಹಾಕಿದ ಕೃತಕ ಮಂಡಿ ಸಾಮಾನ್ಯವಾಗಿ 15-20 ವರ್ಷ ಬಾಳಿಕೆ ಬರುತ್ತೆ. 24ಕ್ಕೆ ಹಾಕಿಸಿದ್ರೆ ಜೀವನದಲ್ಲಿ ಎರಡು ಮೂರು ಸಲ ಮತ್ತೆ ಕೊಯ್ಯಬೇಕು. ಪ್ರತಿ ಸಲವೂ ಮೊದಲಿಗಿಂತ ಕಷ್ಟ. ಕಬಡ್ಡಿಯಂತೂ ಮರೆತೇ ಬಿಡಬೇಕು.

ಕಾರ್ಟಿಲೇಜ್ ತಾನಾಗೇ ಯಾಕೆ ಕೂಡಲ್ಲ?

ಕನ್ನಡ ಪಾಠದ ಪುಸ್ತಕದಲ್ಲಿ ಇದನ್ನ ಮೃದ್ವಸ್ಥಿ ಅಂತಾರೆ. ಮೂಳೆ ತುದಿಗೆ ಹೊದಿಸಿದ ನುಣುಪಾದ ಪದರ. ಇದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ರಕ್ತ ಬರದೇ ಇರೋ ಜಾಗದಲ್ಲಿ ಗಾಯ ಮಾಯಲ್ಲ. ನರ ಇಲ್ಲದ್ದರಿಂದ ಶುರುವಲ್ಲಿ ಅಷ್ಟಾಗಿ ನೋವು ಗೊತ್ತಾಗಲ್ಲ, ಕೆಳಗಿನ ಮೂಳೆಗೆ ಪೆಟ್ಟು ಮುಟ್ಟಿದ ಮೇಲೆ ಗೊತ್ತಾಗುತ್ತೆ. ಎಕ್ಸ್-ರೇಯಲ್ಲಿ ಈ ಪದರ ಕಾಣಿಸಲ್ಲ. ಅದಕ್ಕೇ 'ನಾರ್ಮಲ್' ರಿಪೋರ್ಟ್ ಹಿಡ್ಕೊಂಡು ಎಷ್ಟೋ ಹುಡುಗರು ಮತ್ತೆ ಅಂಕಣಕ್ಕೆ ಇಳೀತಾರೆ.

ನಮ್ಮ ಕಡೆ ಮಂಡಿಗೆ ಏನಾದ್ರೂ 'ಲಿಗಮೆಂಟ್ ಕಟ್' ಅಂದುಬಿಡ್ತೀವಿ. ಲಿಗಮೆಂಟ್ ಬೇರೆ, ಮಧ್ಯೆ ಇರೋ ಮೆನಿಸ್ಕಸ್ ಬೇರೆ, ಮೂಳೆ ಮೇಲಿನ ಈ ಪದರ ಬೇರೆ. ಮೂರಕ್ಕೂ ಚಿಕಿತ್ಸೆ, ಖರ್ಚು ಎಲ್ಲಾ ಬೇರೆ ಬೇರೆ.

ಇರೋ ದಾರಿಗಳು

ಒಂದು, ಮೈಕ್ರೋಫ್ರಾಕ್ಚರ್. ಮೂಳೆಗೆ ಸಣ್ಣ ಸಣ್ಣ ತೂತು ಮಾಡಿ ಮಜ್ಜೆಯ ರಕ್ತ ಬರಿಸೋದು. ಅದು ಹೆಪ್ಪುಗಟ್ಟಿ ಒಂದು ಪದರ ಬೆಳೆಯುತ್ತೆ. ಇದರಲ್ಲಿ ಇಂಪ್ಲಾಂಟ್ ಬೇಕಿಲ್ಲ, ಖರ್ಚು ಕಡಿಮೆ. ಆದ್ರೆ ಬೆಳೆಯೋದು ಮೂಲ ಕಾರ್ಟಿಲೇಜ್‌ನಷ್ಟು ಗಟ್ಟಿ ಅಲ್ಲ. ಸಣ್ಣ ಗಾಯಕ್ಕೆ ಸರಿ. ದೊಡ್ಡದಾದ್ರೆ ಕೆಲವು ವರ್ಷದಲ್ಲಿ ನೋವು ವಾಪಸ್ ಬರಬಹುದು.

ಎರಡು, ಮಂಡಿಯಲ್ಲೇ ಭಾರ ಬೀಳದ ಜಾಗದಿಂದ ಮೂಳೆ ಸಮೇತ ಕಾರ್ಟಿಲೇಜ್‌ನ ಬಿರಡೆ ತೆಗೆದು ತೂತಿಗೆ ಕೂರಿಸೋದು. ಒಂದು ಕಡೆ ಅಗೆದು ಇನ್ನೊಂದು ಕಡೆ ಮುಚ್ಚಿದ ಹಾಗೆ. ಹಾಗಾಗಿ ಎಷ್ಟು ಬೇಕೋ ಅಷ್ಟು ತೆಗೆಯೋಕೆ ಆಗಲ್ಲ.

ಮೂರು, ಸ್ವಂತ ಜೀವಕೋಶ ಬೆಳೆಸಿ ಹಾಕೋದು. ಮೊದಲ ಆಪರೇಷನ್‌ನಲ್ಲಿ ಚೂರು ಕಾರ್ಟಿಲೇಜ್ ತೆಗೆದು ಲ್ಯಾಬ್‌ಗೆ ಕಳಿಸ್ತಾರೆ. ಕೆಲವು ವಾರ ಬೆಳೆಸಿ ಎರಡನೇ ಆಪರೇಷನ್‌ನಲ್ಲಿ ಕೂರಿಸ್ತಾರೆ. ಸ್ವೀಡನ್ನಿನ ವೈದ್ಯರು 1994ರಲ್ಲೇ ಇದರ ಫಲಿತಾಂಶ ಪ್ರಕಟಿಸಿದ್ದರು. ಭಾರತದಲ್ಲಿ ಮುಂಬೈ ಕಂಪನಿಯೊಂದರ ಇಂಥ ಉತ್ಪನ್ನಕ್ಕೆ 2017ರಲ್ಲಿ ಅನುಮತಿ ಸಿಕ್ಕಿತು. ಮಂಡಿ ಬೆಲೆ ಇಳಿದಿದ್ದೂ ಅದೇ ವರ್ಷ ಅನ್ನೋದನ್ನ ಗಮನಿಸಿ. ನಮ್ಮ ಹುಡುಗನಿಗೆ ಹೇಳಿರೋದು ಈ ಮೂರನೇ ದಾರಿಯನ್ನೇ.

ಅಮೆರಿಕದಲ್ಲಿ 2022ರ ಮಾರ್ಚ್‌ನಲ್ಲಿ ಅಜಿಲಿ-ಸಿ ಅನ್ನೋ ಇಂಪ್ಲಾಂಟ್‌ಗೆ ಒಪ್ಪಿಗೆ ಸಿಕ್ಕಿದೆ. ಹವಳದ ಖನಿಜದಿಂದ ಮಾಡಿದ ಬಿರಡೆ ಅದು. ಒಂದೇ ಆಪರೇಷನ್ ಸಾಕು. ಹಳೇ ವಿಧಾನಗಳ ಜೊತೆ 251 ರೋಗಿಗಳಲ್ಲಿ ಹೋಲಿಸಿ ನೋಡಿದಾಗ ಇದರ ಫಲಿತಾಂಶ ಚೆನ್ನಾಗಿ ಬಂತು.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಮ್ ಸೆಲ್ ಇಂಜೆಕ್ಷನ್‌ಗೂ 2022ರಲ್ಲಿ ಅನುಮತಿ ಬಂದಿದೆ. ಆದ್ರೆ ಅದು ಮಂಡಿ ಸವೆತಕ್ಕೆ. ಆಟದಲ್ಲಿ ಕಿತ್ತುಹೋದ ತೂತು ಮುಚ್ಚೋಕೆ ಅಲ್ಲ. ಎರಡನ್ನೂ ಒಂದೇ ಅಂದ್ಕೊಂಡು ದುಡ್ಡು ಕಟ್ಟಬೇಡಿ.

ದುಡ್ಡಿನ ಲೆಕ್ಕ

ಕಾನೂನು ಪೂರ್ತಿ ಕೈಬಿಟ್ಟಿದೆ ಅಂತಲೂ ಹೇಳೋಕಾಗಲ್ಲ. 2020ರ ಏಪ್ರಿಲ್ 1ರಿಂದ ಎಲ್ಲಾ ವೈದ್ಯಕೀಯ ಉಪಕರಣಗಳೂ ಔಷಧಿ ಕಾನೂನಿನ ವ್ಯಾಪ್ತಿಗೆ ಬಂದಿವೆ. ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಎಂಆರ್‌ಪಿ ಏರಿಸುವಂತಿಲ್ಲ. ಆದ್ರೆ ಮೊದಲ ಬೆಲೆ ಎಷ್ಟಿರಬೇಕು ಅನ್ನೋದು ಕಂಪನಿಗೇ ಬಿಟ್ಟಿದ್ದು. ಲಕ್ಷದಲ್ಲಿ ಶುರುವಾದ್ರೆ ಅಲ್ಲಿಂದಲೇ ಶೇ. 10 ಏರುತ್ತೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತಗೋಬೇಕು. ನಮ್ಮವರು ಮಾಡೋ ತಪ್ಪು ಇಲ್ಲೇ. ನೇರ ಪ್ರೈವೇಟ್‌ಗೆ ಹೋಗಿ, ಅಡ್ವಾನ್ಸ್ ಕಟ್ಟಿ, ಆಮೇಲೆ ಕಾರ್ಡ್ ತೆಗೀತಾರೆ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಇರೋದೇ ಮೂಳೆ, ಅಪಘಾತ ಕೇಸ್‌ಗಳಿಗೆ. ಎರಡನೇ ಅಭಿಪ್ರಾಯಕ್ಕಾದ್ರೂ ಅಲ್ಲಿಗೆ ಹೋಗಿ ಬನ್ನಿ.

ಇನ್ನೊಂದು ವಿಷಯ ನಮ್ಮ ಹುಡುಗನಿಗೇ ಗೊತ್ತಿರಲಿಲ್ಲ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ರೆ ಇಎಸ್‌ಐ ಅನ್ವಯಿಸುತ್ತೆ, ಕಾಂಟ್ರಾಕ್ಟ್ ಕಾರ್ಮಿಕನಾದ್ರೂ ಸರಿ. ಪೇ ಸ್ಲಿಪ್‌ನಲ್ಲಿ ಶೇ. 0.75 ಕಟ್ ಆಗ್ತಿದೆಯಾ ನೋಡಿ. ಗಾಯ ಕೆಲಸದ ಜಾಗದಲ್ಲಿ ಆಗದೇ ಇದ್ರೂ ಚಿಕಿತ್ಸೆ ಇದೆ. ವಂತಿಗೆ ಕಟ್ಟಿದ ದಿನಗಳು ಸಾಕಷ್ಟಿದ್ರೆ ವರ್ಷಕ್ಕೆ 91 ದಿನದವರೆಗೆ ಶೇ. 70ರಷ್ಟು ಸಂಬಳ ಸಿಗುತ್ತೆ. ಜೀವಕೋಶದ ಆಪರೇಷನ್ ಆದ ಮೇಲೆ ವಾರಗಟ್ಟಲೆ ಊರುಗೋಲು, ಆಟಕ್ಕೆ ಮರಳೋಕೆ ಹೆಚ್ಚುಕಮ್ಮಿ ಒಂದು ವರ್ಷ. 91 ದಿನ ಸಾಲಲ್ಲ ನಿಜ. ಆದ್ರೂ ಏನೂ ಇಲ್ಲದೇ ಇರೋದಕ್ಕಿಂತ ವಾಸಿ.

ಆಗಬೇಕಿರೋದು

ದರ ನಿಯಂತ್ರಣದ ಪಟ್ಟಿಗೆ ಕಾರ್ಟಿಲೇಜ್ ಇಂಪ್ಲಾಂಟ್‌ಗಳನ್ನೂ ಸೇರಿಸಬೇಕು. ಮಿತಿ ಹಾಕಿದ್ರೆ ಹೊಸ ತಂತ್ರಜ್ಞಾನ ಬರಲ್ಲ ಅಂತ ಕಂಪನಿಗಳು 2017ರಲ್ಲೂ ಹೇಳಿದ್ದವು. ಆ ವಾದದಲ್ಲಿ ಸ್ವಲ್ಪ ಸತ್ಯ ಇರಬಹುದು. ಆದ್ರೆ ಬಂದ ತಂತ್ರಜ್ಞಾನ ವೈಟ್‌ಫೀಲ್ಡ್‌ವರೆಗೆ ಬಂದು ಸಮೇತನಹಳ್ಳಿಗೆ ಬರದೇ ಇದ್ರೆ ನಮಗೇನು ಪ್ರಯೋಜನ?

ಟೂರ್ನಮೆಂಟ್ ಮಾಡೋರಿಗೂ ಒಂದು ಮಾತು. ಫ್ಲೆಕ್ಸ್‌ಗೆ, ಲೈಟಿಂಗ್‌ಗೆ, ಮುಖ್ಯ ಅತಿಥಿಗಳ ಹಾರಕ್ಕೆ ಖರ್ಚು ಮಾಡ್ತೀರ. ಅದರಲ್ಲಿ ಒಂದು ಪಾಲು ಆಟಗಾರರ ಅಪಘಾತ ವಿಮೆಗೆ ಇಡಿ. ಮಂಡಿ ತಿರುಗಿದವನನ್ನ ಸ್ಪ್ರೇ ಹೊಡೆದು ಮತ್ತೆ ಒಳಗೆ ಕಳಿಸಬೇಡಿ.

ನಮ್ಮ ರೈಡರ್ ಈಗ ಇಎಸ್‌ಐ ನಂಬರ್ ಹುಡುಕ್ತಿದ್ದಾನೆ. ಕಾಂಟ್ರಾಕ್ಟರ್ ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತಿದ್ದಾನೆ. ಆಪರೇಷನ್ ಇನ್ನೂ ಆಗಿಲ್ಲ. ಸಂಜೆ ಅಂಕಣದ ಪಕ್ಕ ಕೂತು ಚಿಕ್ಕ ಹುಡುಗರಿಗೆ ಪಾಯಿಂಟ್ ಎಣಿಸ್ತಾನೆ. ನಿಮ್ಮ ಊರಲ್ಲೂ ಇಂಥ ಹುಡುಗರು ಇದ್ರೆ ನಮಗೆ ತಿಳಿಸಿ. ಹೆಸರು ಹಾಕಲ್ಲ.